ಗಾಜಿನ ಕಪಾಟಿನ ನೂರಾ ಎಂಬತ್ತಾರು ಆಟಿಕೆಗಳು

ಮೂರು ತಿಂಗಳ ಕೆಲಸ. ಬಾಗಲಕೋಟೆಯ ಒಂದು ಚಿಕ್ಕ ಸಂಸ್ಥೆ ನನ್ನನ್ನು ಗೊತ್ತುಮಾಡಿಕೊಂಡದ್ದು ಇಷ್ಟಕ್ಕೆ: ಮನೆಗಳಲ್ಲಿ ಮೂಲೆ ಸೇರಿದ, ನಾಳೆ ತಿಪ್ಪೆಗೆ ಹೋಗಲಿರುವ ಆಟಿಕೆಗಳನ್ನು ಕೂಡಿಸಬೇಕು; ತೊಳೆದು, ರಿಪೇರಿ ಮಾಡಿ, ಇಳಕಲ್ಲಿನ ನೇಕಾರರ ಓಣಿಯ ಒಂದು ಅಂಗನವಾಡಿಗೆ ಕೊಡಬೇಕು. ಅಲ್ಲಿಯ ಇಪ್ಪತ್ತಾರು ಮಕ್ಕಳು ಅವುಗಳಲ್ಲಿ ಆಡಬೇಕು. ಸಂಸ್ಥೆಯ ಮುಖ್ಯಸ್ಥರು, "ಪ್ರತಿಯೊಂದಕ್ಕೂ ಲೆಕ್ಕ ಇರಬೇಕು ನೋಡವಾ," ಎಂದರು. ಅದನ್ನು ನನಗೆ ಹೇಳುವ ಅಗತ್ಯವೇ ಇರಲಿಲ್ಲ. ದಿನಚರಿಯಲ್ಲಿ ದಿನಗಳಿಗೆ ಅಂಕಿ ಹಾಕಿ ಬದಿಯಲ್ಲಿ ಎಣಿಕೆ ಬರೆಯುವುದು ಕಾಲೇಜಿನಿಂದ ಬಂದ ರೂಢಿ. ಮುಂದಿರುವ ಅಂಕಿಗಳೆಲ್ಲ ಅಲ್ಲಿಂದ ತೆಗೆದವು. ಸಿಟ್ಟನ್ನು ಮಾತ್ರ ಆಗ ಬರೆದಿರಲಿಲ್ಲ, ಈಗ ಬರೆಯುತ್ತಿದ್ದೇನೆ.

ಮೂರನೇ ದಿನ ಹುನಗುಂದದಲ್ಲಿ, ಜನ ಓಡಾಡುವ ಜಾಗವೆಂದು, ಬನ್ನಿಗಿಡದ ಕಟ್ಟೆಯ ಮೇಲೆ ಒಂದು ದೊಡ್ಡ ಗೋಣಿಚೀಲ ಇಟ್ಟು "ಹಳೆಯ, ಮುರಿದ ಆಟಿಕೆಗಳನ್ನು ಇಲ್ಲಿ ಹಾಕಿ" ಎಂದು ರಟ್ಟು ಕಟ್ಟಿದೆ. ಐದನೇ ದಿನ ಚೀಲ ತುಂಬಿತ್ತು. ಸುರುವಿ ಎಣಿಸಿದೆ. ಆಟಿಕೆ 4. ಗಾಜು ಒಡೆದ ದೇವರ ಫೋಟೊ 17. ಕೈ ಮುರಿದ ಗಣಪತಿ 3. ಭಿನ್ನವಾದ ದೇವರನ್ನು ಮನೆಯಲ್ಲಿ ಇಟ್ಟುಕೊಳ್ಳದೆ ಗಿಡದ ಬುಡದಲ್ಲಿ ಬಿಟ್ಟುಹೋಗುವುದು ನಮ್ಮ ಕಡೆಯ ಪದ್ಧತಿ. ಅದು ಗೊತ್ತಿದ್ದೂ ನಾನು ಚೀಲವನ್ನು ಅಲ್ಲಿಯೇ ಇಟ್ಟಿದ್ದೆ. ಕಟ್ಟೆಯ ಮೇಲೆ ಕುಳಿತಿದ್ದ ಮುದುಕಿ, "ಚಲೋ ಮಾಡಿದಿ ಯವ್ವಾ. ಇಷ್ಟ್ ದಿನಾ ದೇವ್ರು ಬಿಸಿಲಾಗ ಬಿದ್ದಿರ್ತಿದ್ವು, ನೀ ಚೀಲಾ ಕೊಟ್ಟಿ," ಎಂದು ನನ್ನನ್ನು ಹರಸಿದಳು. ಎಲ್ಲ ದೇವರನ್ನೂ ಮತ್ತೆ ಗಿಡಕ್ಕೆ ಒರಗಿಸಿ, ನಾಲ್ಕು ಆಟಿಕೆ ಹಿಡಿದು ಬಸ್ಸು ಹತ್ತಿದೆ.

ಅಲ್ಲಿಂದ ಮುಂದೆ ಮನೆ ಮನೆಗೆ ಹೋದೆ. ಬಾಗಲಕೋಟೆಯ ನವನಗರ, ಹುನಗುಂದ, ಬಾದಾಮಿಯ ಎರಡು ಓಣಿ. ಬಸ್ಸಿನಲ್ಲಿ ಎರಡು ಚೀಲ ಕಾಲ ನಡುವೆ ಇಟ್ಟುಕೊಂಡು ನಿಂತರೆ ಕಂಡಕ್ಟರು, "ನಿನಗ ಫ್ರೀ ಅದ ತಂಗಿ, ಗೊಂಬಿಗೆ ಇಲ್ಲ. ಲಗೇಜ್ ಟಿಕೀಟ್ ತಗಿ," ಎನ್ನುತ್ತಿದ್ದರು. ಜನ ಕೊಡಲು ಹಿಂದೆಮುಂದೆ ನೋಡಲಿಲ್ಲ. ಹೆಚ್ಚಿನವು ಅರ್ಧ ಮುರಿದಿದ್ದವು. ಆದರೆ ಹನ್ನೊಂದನೇ ದಿನ ನವನಗರದ ಒಂದು ಮನೆಯ ತಾಯಿ ಪಡಸಾಲೆಯ ಶೋಕೇಸಿನಿಂದ ಒಂಬತ್ತು ಆಟಿಕೆ ತೆಗೆದುಕೊಟ್ಟರು. ಒಂದಕ್ಕೂ ಗೀರು ಬಿದ್ದಿರಲಿಲ್ಲ. ಎರಡರ ಮೇಲೆ ಅಂಗಡಿಯ ಪ್ಲಾಸ್ಟಿಕ್ ಹಾಗೆಯೇ ಇತ್ತು.

"ಹುಡುಗ ಆಡಲಿಲ್ಲೇನ್ರಿ?"

"ಆಡಿದ್ರ ಕೆಡ್ತಾವಂತ ತಗದಿಟ್ಟಿದ್ದೆ. ಈಗ ಪಿಯುಸಿ ಅದಾನ."

ಆ ದಿನ ಅದನ್ನು ನಗೆಯ ಸಂಗತಿಯೆಂದು ಬರೆದುಕೊಂಡಿದ್ದೆ.

ಇಪ್ಪತ್ತೊಂದನೇ ದಿನಕ್ಕೆ ಒಟ್ಟು 312. ಬ್ಯಾಟರಿ ಸೋರಿ ಹಸಿರುಗಟ್ಟಿದವು, ತಗಡು ಎದ್ದು ಚೂಪಾದವು 71. ಬಾಯಿಗೆ ಹಾಕಿಕೊಂಡರೆ ಗಂಟಲಿಗೆ ಇಳಿಯುವಷ್ಟು ಸಣ್ಣವು 55. ಉಳಿದವು 186. ಅವನ್ನು ಸಾಬೂನು ನೀರಿನಲ್ಲಿ ನೆನೆಸಿ, ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಸಂದು ತಿಕ್ಕಿ, ಅಂಗನವಾಡಿಯ ಮುಂದೆ ಹಾಸಿದ್ದ ಕೆಂಪು ಗ್ರಾನೈಟಿನ ತುಂಡುಗಳ ಮೇಲೆ ಒಣಗಿಸಿದೆ. ಬಸ್ಸಿಗೆ ಬೇರೆ ಬಸ್ಸಿನ ಗಾಲಿ, ಗೊಂಬೆಗೆ ಬೇರೆ ಗೊಂಬೆಯ ಕೈ ಹಾಕಿದೆ. ಕೊನೆಗೆ ಸಣ್ಣ ಕುಂಚ ಹಿಡಿದು, ಎಣ್ಣೆಬಣ್ಣದಲ್ಲಿ, ಪ್ರತಿಯೊಂದರ ಹೊಟ್ಟೆಯ ಮೇಲೂ ಒಂದರಿಂದ ನೂರಾ ಎಂಬತ್ತಾರರವರೆಗೆ ನಂಬರು ಬರೆದೆ. ನಂಬರು, ಬಗೆ, ಬಣ್ಣ, ಸ್ಥಿತಿ ಎಂದು ನಾಲ್ಕು ಕಾಲಮ್ಮಿನ ಪಟ್ಟಿ ಮಾಡಿ ಮೂರು ಪ್ರತಿ ತೆಗೆದೆ. ಯಾರೂ ಹೇಳಿರಲಿಲ್ಲ. ನನಗೆ ಹೆಮ್ಮೆಯಾಗಿತ್ತು.

ಮೂವತ್ತನೇ ದಿನ ಉದ್ಘಾಟನೆ. ಸಂಸ್ಥೆಯ ಮುಖ್ಯಸ್ಥರು ದಾನಿಯೊಬ್ಬರಿಂದ ಗಾಜಿನ ಬಾಗಿಲಿನ ಕಪಾಟು ಕೊಡಿಸಿದ್ದರು. ಅಂಗನವಾಡಿಗಳ ಮೇಲ್ವಿಚಾರಕಿ ಹುನಗುಂದದ ಕಚೇರಿಯಿಂದ ಬಂದು ರಿಬ್ಬನ್ ಕತ್ತರಿಸಿದರು. ಫೋಟೊಗೆಂದು ಪ್ರತಿ ಮಗುವಿನ ಕೈಗೂ ಒಂದೊಂದು ಆಟಿಕೆ ಬಂತು. ಫೋಟೊ ಮುಗಿಯಲು ಆರು ನಿಮಿಷ ಹಿಡಿಯಿತು. ಇಪ್ಪತ್ತಾರು ಕೊಟ್ಟದ್ದು, ಇಪ್ಪತ್ತಾರು ವಾಪಸ್ ಪಡೆದದ್ದು. ಮೇಲ್ವಿಚಾರಕಿ ನನ್ನ ಪಟ್ಟಿ ನೋಡಿ, "ಭಾಳ ಶಿಸ್ತಿನ ಹುಡುಗಿ ಅದಿ," ಎಂದು ಹೊಗಳಿ, ಅದನ್ನು ಡೆಡ್ ಸ್ಟಾಕ್ ರಜಿಸ್ಟರಿಗೆ ಅಂಟಿಸಲು ಹೇಳಿದರು. ಕುರ್ಚಿ, ಕಪಾಟು, ಗ್ಯಾಸಿನ ಒಲೆ ಇಂಥವನ್ನೆಲ್ಲ ಬರೆದಿಡುವ ಪುಸ್ತಕ ಅದು. ಅಂಗನವಾಡಿಯ ಶಿಕ್ಷಕಿ, ಓಣಿಯವರೆಲ್ಲ ಅಕ್ಕೋರು ಎನ್ನುವವರು, ಕೆಳಗೆ ಸಹಿ ಮಾಡಿದರು. ಸಹಿ ಮಾಡುವಾಗ ಅವರ ಮುಖ ನಾನು ನೋಡಬೇಕಿತ್ತು. ಪಟ್ಟಿಯ ಅಂಚು ನೇರವಾಗಿ ಅಂಟಿದೆಯೇ ಎಂದು ನೋಡುತ್ತಿದ್ದೆ.

ಮೂವತ್ತೇಳನೇ ದಿನ ಮತ್ತೆ ಹೋದೆ. ಕಪಾಟಿಗೆ ಬೀಗ. ಮಕ್ಕಳು ಚಾಪೆಯ ಮೇಲೆ ಕೈಕಟ್ಟಿ ಕುಳಿತು ಹಾಡು ಹೇಳುತ್ತಿದ್ದರು. ಕಣ್ಣೆಲ್ಲ ಕಪಾಟಿನ ಮೇಲೆ. ಗಾಜಿನ ಮೇಲೆ ಮಕ್ಕಳ ಎತ್ತರಕ್ಕೆ ಕೈಗುರುತು, ಮೂಗಿನ ಗುರುತು. ಕೈಗುರುತು ಎಣಿಸಲು ಹೋದೆ, ಒಂದರ ಮೇಲೊಂದು ಬಿದ್ದು ಎಣಿಕೆಗೆ ಸಿಗಲಿಲ್ಲ.

"ಬೀಗದ ಕೈ ಎಲ್ಲೈತ್ರಿ ಅಕ್ಕೋರ?"

"ನನ್ನ ಸೊಂಟದಾಗ."

"ಒಂದ್ ದಿನಾನೂ ತಗದಿಲ್ಲೇನು?"

"ದಿನಾ ಸಂಜೀಕ ಗಾಜು ಒರಸ್ತೇನಿ," ಎಂದರು. ನಾನು ಧ್ವನಿ ಏರಿಸಿದೆ. ಮೂರು ತಾಲೂಕು ತಿರುಗಿ ತಂದದ್ದು ಗಾಜು ಒರೆಸುವುದಕ್ಕಲ್ಲ ಎಂದೆ. ಅವರು ಮಕ್ಕಳಿಗೆ ಕೇಳದಂತೆ ನನ್ನನ್ನು ಅಡುಗೆಯ ಕಟ್ಟೆಯ ಹತ್ತಿರ ಕರೆದೊಯ್ದರು. ಕೆಲವು ವರ್ಷಗಳ ಹಿಂದೆ ಕಚೇರಿಯಿಂದ ಒಂದು ಪೆಟ್ಟಿಗೆ ಆಟದ ಸಾಮಾನು ಬಂದಿತ್ತಂತೆ. ಮಕ್ಕಳಿಗೆ ಕೊಟ್ಟರು. ಅದರಲ್ಲಿ ಎರಡು ಬಣ್ಣದ ಘನ ಕಳೆದುಹೋದವು. ತಪಾಸಣೆಯಲ್ಲಿ ಸಿಗಲಿಲ್ಲ. ತಿಂಗಳ ಮೀಟಿಂಗಿನಲ್ಲಿ ಎಲ್ಲ ಶಿಕ್ಷಕಿಯರ ಮುಂದೆ ಎದ್ದು ನಿಂತು ಕಾರಣ ಹೇಳಬೇಕಾಯಿತು. ನೋಟೀಸು ಫೈಲಿನಲ್ಲಿ ಸೇರಿತು.

"ಅಡಿಕಿಯಷ್ಟು ಪ್ಲಾಸ್ಟಿಕ್, ತಂಗಿ. ನಾ ಕಳ್ಳಿ ಹಂಗ ನಿಂತಿದ್ದೆ. ನೀವು ನೂರಾ ಎಂಬತ್ತಾರು ತಂದು ನಂಬರ್ ಹಾಕಿ ಕೊಟ್ಟೀರಿ. ನೂರಾ ಎಂಬತ್ತಾರು ಸಲ ನಿಲ್ಲಲೇನು?"

ಮೂವತ್ತೆಂಟನೇ ದಿನ ಹುನಗುಂದಕ್ಕೆ ಹೋಗಿ ಮೇಲ್ವಿಚಾರಕಿಯ ಟೇಬಲ್ಲಿನ ಮುಂದೆ ನಿಂತೆ. ಅವರು ಬೇರೊಂದು ಅಂಗನವಾಡಿಯ ಪುಸ್ತಕ ನೋಡುತ್ತಿದ್ದರು.

"ನಾ ಕೊಡಬ್ಯಾಡ ಅಂದೇನೇನು? ಕೊಡ್ಲಿ. ಒಡದ್ರ ಕಾರಣಾ ಬರೀಲಿ," ಎಂದರು.

"ಹುಡುಗೂರು ಆಡಿದ್ರ ಒಡೀತಾವಲ್ರಿ ಮೇಡಂ."

"ಹಂಗಾರ ಕಾರಣಾ ಬರೀಲಿ. ನಂಬರ್ ಹಾಕಿದಾಕಿ ನೀನ. ನಂಬರ್ ಇದ್ದದ್ದು ಡೆಡ್ ಸ್ಟಾಕು. ಅದನ್ನ ತೋರಸಬೇಕು. ನಾನೂ ಮ್ಯಾಲಿನವ್ರಿಗೆ ತೋರಸಬೇಕಲ್ಲ?"

ಇಷ್ಟು ಹೇಳುತ್ತಲೇ ಅವರು ಮುಂದಿದ್ದ ಇನ್ನೊಂದು ಪುಸ್ತಕಕ್ಕೆ ಸಹಿ ಹಾಕಿದರು, ಓದದೆ. ತಲೆಕೆಳಗಾಗಿ ಓದಿಕೊಂಡೆ: ಖರ್ಚಿನ ಸಾಮಾನುಗಳು. ಸೀಮೆಸುಣ್ಣ, ಬಂದದ್ದು ನಾಲ್ಕು ಡಬ್ಬಿ, ಖರ್ಚು ನಾಲ್ಕು, ಉಳಿಕೆ ಇಲ್ಲ. ಸಾಬೂನು, ಕಸಬರಿಗೆ, ಫಿನಾಯಿಲು. ನಾಲ್ಕು ಡಬ್ಬಿ ಸೀಮೆಸುಣ್ಣ ಎಲ್ಲಿ ಹೋಯಿತು ಎಂದು ಅವರು ಕೇಳಲಿಲ್ಲ. ಸೀಮೆಸುಣ್ಣ ಖರ್ಚಾಗದಿದ್ದರೆ ಶಾಲೆಯೇ ನಡೆದಿಲ್ಲ ಎಂದು ಅರ್ಥ. ಆಟಿಕೆ ಖರ್ಚಾದರೆ ಮಾತ್ರ ಅಪರಾಧ.

ಇಳಕಲ್ಲಿಗೆ ಬರುವ ಬಸ್ಸಿನಲ್ಲಿ ನನ್ನ ಮೇಲೆಯೇ ಹೇಸಿಗೆಯಾಯಿತು. ಅಕ್ಕೋರ ಮೇಲೆ ಕೂಗಿದ್ದೆ. ಬೀಗದ ಕೈ ಅವರ ಸೊಂಟದಲ್ಲಿತ್ತು ನಿಜ. ಬೀಗ ಹಾಕಿದ್ದು ನನ್ನ ಕುಂಚ. ಚೀಲದಲ್ಲಿ ಸುರುವಿ ಕೊಟ್ಟಿದ್ದರೆ ಆಟಿಕೆಗಳು ಮೊದಲ ದಿನವೇ ನೆಲದ ಮೇಲಿರುತ್ತಿದ್ದವು.

ನಲವತ್ತನೇ ದಿನ ನನ್ನ ಯೋಚನೆಯನ್ನು ಅಕ್ಕೋರಿಗೆ ಹೇಳಿದೆ. ನೂರಾ ಎಂಬತ್ತಾರನ್ನೂ ಬಿಚ್ಚಿಬಿಡೋಣ. ಗಾಲಿ, ಮೈ, ಕೈ, ಮುಚ್ಚಳ ಎಲ್ಲ ಬಿಡಿ ತುಣುಕು. ಬಿಚ್ಚಿದ ಮೇಲೆ ಅದು ಆಟಿಕೆಯಲ್ಲ, ಸೀಮೆಸುಣ್ಣದಂಥ ಸಾಮಾನು. ಖರ್ಚಿನ ಪುಸ್ತಕದಲ್ಲಿ ತೂಕದ ಮೇಲೆ ಬರೆಯೋಣ. ಮಕ್ಕಳು ಬೇಕಾದ್ದು ಜೋಡಿಸಿ ಆಡಲಿ, ಮುರಿಯಲಿ, ಕಳೆಯಲಿ.

ಅಕ್ಕೋರು ತಲೆ ಅಲ್ಲಾಡಿಸಿದರು. "ನಿಮ್ಮದು ಮೂರು ತಿಂಗಳ ನೌಕರಿ. ನಂದು ಹದಿನೆಂಟು ವರ್ಷದ್ದು. ನೀವು ಹ್ವಾದ ಮ್ಯಾಲ ಮೀಟಿಂಗಿನ್ಯಾಗ ನಿಲ್ಲಾಕಿ ನಾ."

ನಾಲ್ಕು ದಿನ ಅತ್ತ ಹೋಗಲಿಲ್ಲ.

ನಲವತ್ತೈದನೇ ದಿನ ಅವರೇ ಫೋನ್ ಮಾಡಿದರು. ಹಿಂದಿನ ಸಂಜೆ ಕಪಾಟಿನೊಳಗೆ ಒಂದು ಹಲಗೆಯ ಮೊಳೆ ಜಾರಿ, ಹಲಗೆ ವಾಲಿ, ಮೇಲಿನ ಸಾಲೆಲ್ಲ ಕೆಳಗೆ ಬಿದ್ದಿತ್ತು. ಬೀಗ ಹಾಕಿದಂತೆಯೇ ಇತ್ತು. ಒಡೆದವು ಏಳು. ನಾನು ಹೋದಾಗ ಅಕ್ಕೋರು ಗಾಜಿನ ಮುಂದೆ ನೆಲದ ಮೇಲೆ ಕುಳಿತಿದ್ದರು. ಅತ್ತಿರಬಹುದೆಂದು ಹೆದರಿದ್ದೆ. ಇಲ್ಲ, ಸಿಟ್ಟಿನಲ್ಲಿದ್ದರು; ಇಷ್ಟು ದಿನದಲ್ಲಿ ಮೊದಲ ಸಲ.

"ಒಂದು ಕೂಸು ಮುಟ್ಟಿಲ್ಲ. ಒಂದು ಕೂಸು! ಇದಕ್ಕೂ ನಾ ಕಾರಣಾ ಬರೀಬೇಕು." ಸೊಂಟದಿಂದ ಬೀಗದ ಕೈ ಕಿತ್ತು ನನ್ನ ಮುಂದೆ ಎಸೆದರು. "ಬೀಗದಾಗ ಇದ್ರೂ ಒಡೀತಾವಂದ್ರ, ಹುಡುಗೂರ ಕೈಯಾಗ ಒಡೀಲಿ. ತಗೀರಿ."

ಪಕ್ಕದ ಗಲ್ಲಿಯಲ್ಲಿ ಪವರ್‌ಲೂಮು ರಿಪೇರಿ ಮಾಡುವ ಮಿಸ್ತ್ರಿಯ ಹತ್ತಿರ ಮೂರು ಚೀಲ ಹೊತ್ತುಕೊಂಡು ಹೋದೆವು. ಅವರು ನಂಬರು ಹಾಕಿದ ಗೊಂಬೆಯನ್ನು ತಿರುಗಿಸಿ ನೋಡಿದರು. "ಮಂದಿ ಒಡದದ್ದು ತಂದು ಜೋಡಿಸ್ಕೊಡು ಅಂತಾರ. ಇಡೀದು ತಂದು ಒಡದು ಕೊಡು ಅಂದಾಕಿ ನೀನ ಮೊದಲು, ತಂಗಿ." ಆದರೆ ಕೆಲಸ ಅವರಿಗೆ ಹಿಡಿಸಿತು. ಆರು ಮಧ್ಯಾಹ್ನ ಕುಳಿತೆವು. ಸ್ಕ್ರೂ ಇದ್ದದ್ದನ್ನು ಬಿಚ್ಚಿದೆವು. ಅಂಟಿಸಿದ್ದನ್ನು ಬಿಸಿನೀರಿನಲ್ಲಿ ಅದ್ದಿ ಬಾಯಿ ಬಿಡಿಸಿದೆವು. ಸ್ಪ್ರಿಂಗು, ಅಯಸ್ಕಾಂತ, ತಂತಿ, ಮೋಟಾರು ಎಲ್ಲ ಹೊರಗೆ. ಅಂಚುಗಳನ್ನು ಅರ ಹಾಕಿ ತಿಕ್ಕಿದರು. ಸಣ್ಣ ತುಣುಕು ಯಾವುದೆಂದು ನೋಡಲು ಅಕ್ಕೋರು ಒಂದು ಬಾಣಂತಿ ಮನೆಯಿಂದ ಕೈಗೂಸಿನ ಬಳೆ ತಂದರು: ಬಳೆಯೊಳಗೆ ತೂರುವುದೆಲ್ಲ ಬೇಡ. ಹಾಗೆ ತೂರಿ ಹೋದದ್ದು ಮೂರು ಕಿಲೊ. ಅದು ಗುಜರಿಗೆ ಹೋಯಿತು. ಸೋರಿದ ಬ್ಯಾಟರಿಗಳ ಡಬ್ಬಿಯನ್ನು ಯಾರೂ ತೆಗೆದುಕೊಳ್ಳಲಿಲ್ಲ, ಇವತ್ತಿಗೂ ನನ್ನ ಹತ್ತಿರವೇ ಇದೆ.

ತುಣುಕು ತುಣುಕಿಗೆ ಕೂಡಬೇಕಲ್ಲ? ದಾರಿ ಮಿಸ್ತ್ರಿ ತೋರಿಸಿದರು. ಮಗ್ಗದ ಲಾಳಿಯಲ್ಲಿ ನೂಲು ಸುತ್ತಿಡುವ ಕಡ್ಡಿಗೆ ಕಂಡಿಕೆ ಎನ್ನುತ್ತಾರೆ. ಸವೆದ ಕಂಡಿಕೆಗಳು ಅವರ ಮೂಲೆಯಲ್ಲಿ ರಾಶಿ ಬಿದ್ದಿದ್ದವು. ಪ್ರತಿ ತುಣುಕಿಗೂ ಕಂಡಿಕೆಯ ಗಾತ್ರದ ತೂತು ಕೊರೆದರು. ಈಗ ಯಾವ ಗಾಲಿಗೂ ಕಂಡಿಕೆ ಅಚ್ಚು, ಯಾವ ಮೈಗೂ ಯಾವ ಕೈಯಾದರೂ ಕೂಡುತ್ತದೆ. ಕಟ್ಟಲು ಮಗ್ಗದಲ್ಲಿ ಉಳಿದ ನೂಲಿನ ಹಗ್ಗ. ಎಣ್ಣೆಬಣ್ಣದ ನಂಬರುಗಳನ್ನು ನಾನೇ ಸೀಮೆಎಣ್ಣೆಯಲ್ಲಿ ಅಳಿಸಿದೆ, ಒಂದೊಂದಾಗಿ.

ಐವತ್ತೆರಡನೇ ದಿನ ಬುಟ್ಟಿಯನ್ನು ಕೂಸುಗಳ ತೂಕ ನೋಡುವ ಯಂತ್ರದ ಮೇಲೆ ಇಟ್ಟೆವು. 11 ಕಿಲೊ 400 ಗ್ರಾಂ. ಅಕ್ಕೋರು, "ವಯಸ್ಸಿಗೆ ತಕ್ಕ ತೂಕ ಐತಿ ಬಿಡ್ರಿ," ಎಂದು ನಕ್ಕರು. ಡೆಡ್ ಸ್ಟಾಕ್ ಪುಸ್ತಕದ ಷರಾ ಕಾಲಮ್ಮಿನಲ್ಲಿ "ಬಿಚ್ಚಲಾಗಿದೆ" ಎಂದು ಬರೆದು, ಖರ್ಚಿನ ಪುಸ್ತಕದಲ್ಲಿ ಸಾಬೂನಿಗೂ ಕಸಬರಿಗೆಗೂ ನಡುವೆ ಹೊಸ ಸಾಲು ತೆರೆದರು: ಆಟದ ತುಣುಕು.

ಮಾರನೇ ದಿನ ಬುಟ್ಟಿಯನ್ನು ಚಾಪೆಯ ನಡುವೆ ಸುರುವಿದೆವು. ಮಕ್ಕಳು ಸಂತೋಷದಿಂದ ಮುಗಿಬೀಳುತ್ತಾರೆಂದು ನಾನು ಪೆನ್ನು ಹಿಡಿದು ಕುಳಿತಿದ್ದೆ. ಒಬ್ಬನು, "ಕಪಾಟಿನ್ಯಾಗಿನ ಕಾರ್ ಎಲ್ಲೈತಿ?" ಎಂದು ಕೇಳಿದ. ಒಬ್ಬಳು ತಲೆಯಿಲ್ಲದ ಗೊಂಬೆ ನೋಡಿ ಅತ್ತಳು. ಅತ್ತವರು 5, ಮುಟ್ಟದವರು 14. ಎರಡು ವಾರ ಗಾಜಿನಾಚೆ ನೋಡಿದ ಇಡೀ ಕಾರನ್ನು ಅವರು ಕಾಯುತ್ತಿದ್ದರು. ನಾನು ಅವಸರದಲ್ಲಿ ಒಂದು ಗಾಡಿ ಜೋಡಿಸಿ ಮಾದರಿಯೆಂದು ಮುಂದಿಟ್ಟೆ. ಅದು ಇನ್ನೂ ಕೆಟ್ಟದಾಯಿತು: ಇಪ್ಪತ್ತಾರು ಮಕ್ಕಳೂ ನನ್ನ ಮುಂದೆ ಸಾಲು ನಿಂತು ತಮಗೂ ಒಂದು ಮಾಡಿಕೊಡು ಎಂದರು. ಎರಡು ದಿನ ಹೀಗೆಯೇ. ಮೂರನೇ ದಿನ ಅಕ್ಕೋರು ನನ್ನ ಗಾಡಿಯನ್ನು ಸೀರೆಯ ಸೆರಗಿನಲ್ಲಿ ಮುಚ್ಚಿಕೊಂಡು ಒಯ್ದರು. "ನೀವು ಹೊರಗ ಕುಂಡ್ರಿ. ನಿಮ್ಮನ್ನ ನೋಡಿದ್ರ ಅವ್ರಿಗೆ ಕೈ ಬರೂದಿಲ್ಲ."

ಹೊರಗೆ ಕಲ್ಲಿನ ಮೇಲೆ ಕುಳಿತು ಕಿಟಕಿಯಿಂದ ನೋಡಿದೆ. ಐವತ್ತಾರನೇ ದಿನ ಒಬ್ಬಳು ಕಂಡಿಕೆಯ ಎರಡು ತುದಿಗೂ ಗಾಲಿ ಸಿಕ್ಕಿಸಿ, ಕುರ್ಚಿಯ ಕಾಲುಗಳ ನಡುವೆ ಅತ್ತಿಂದಿತ್ತ ಉರುಳಿಸುತ್ತ "ಟಕ್ ಟಕ್, ಟಕ್ ಟಕ್" ಎಂದಳು. ಅಷ್ಟೇ ಸಾಕಾಯಿತು. ಮಗ್ಗದ ಸದ್ದಿನಲ್ಲಿಯೇ ಹುಟ್ಟಿದ ಮಕ್ಕಳು. ಕುರ್ಚಿಯ ಕಾಲಿಗೆ ನೂಲು ಕಟ್ಟಿದರು, ಗೊಂಬೆಗಳ ಕಾಲುಗಳನ್ನು ತುಳಿಯುವ ಹಲಗೆ ಮಾಡಿದರು. ಒಂದು ಮೂಲೆಯಲ್ಲಿ ಬರಿಯ ತಲೆಗಳನ್ನು ಸಾಲಾಗಿ ಇಟ್ಟು ಒಬ್ಬ ಬೆರಳು ಅಲ್ಲಾಡಿಸಿ ಬೈಯುತ್ತಿದ್ದ. ಇವರು ಯಾರು ಎಂದು ಅಕ್ಕೋರು ಕೇಳಿದರೆ, "ಮೀಟಿಂಗಿಗೆ ಬಂದವ್ರು," ಎಂದ. ಅಕ್ಕೋರು ಸೆರಗು ಬಾಯಿಗೆ ಒತ್ತಿಕೊಂಡು ಒಳಗೆ ಹೋದರು. ಅತ್ತವರು 0, ಮುಟ್ಟದವರು 0 ಎಂದು ಬರೆದುಕೊಂಡೆ.

ತುಣುಕುಗಳು ಚಡ್ಡಿಯ ಜೇಬಿನಲ್ಲಿ ಮನೆಗೆ ಹೋದವು, ಕೆಲವು ಮರಳಿ ಬಂದವು, ಕೆಲವು ತುಳಿತಕ್ಕೆ ಸೀಳಿದವು. ಅರವತ್ತೇಳನೇ ದಿನ 10 ಕಿಲೊ 100. ಎಂಬತ್ತನೇ ದಿನ 8 ಕಿಲೊ 900. ಮೊದಲಾಗಿದ್ದರೆ ಈ ಇಳಿಕೆ ನನ್ನ ನಿದ್ದೆ ಕೆಡಿಸುತ್ತಿತ್ತು.

ಎಂಬತ್ತೊಂದನೇ ದಿನ ಸಂಸ್ಥೆಯ ಮುಖ್ಯಸ್ಥರಿಗೆ ಫೋಟೊ ಕಳಿಸಿದೆ. ಹತ್ತು ನಿಮಿಷದಲ್ಲಿ ಫೋನ್ ಬಂತು.

"ಇದೇನವಾ, ಕಸಾ ಕಡಿಮಿ ಮಾಡು ಅಂದ್ರ ಕಸಾನ ಮಾಡಿಟ್ಟಿ? ದಾನಿಗಳಿಗೆ ಏನ್ ತೋರಸಲಿ?"

"ಹುಡುಗೂರು ಆಡೂದು ತೋರಸ್ರಿ ಸರ್."

"ಅವರು ಕಪಾಟು ಕೊಟ್ಟಾರ. ಕಪಾಟಿನ್ಯಾಗ ಏನೈತಿ?"

ಹಲಗೆ ರಿಪೇರಿಯಾದ ಮೇಲೆ ಆ ಕಪಾಟಿನಲ್ಲಿ ಅಕ್ಕೋರು ಮಕ್ಕಳ ಮೊಟ್ಟೆ ಇಡುತ್ತಿದ್ದರು. ಬೆಕ್ಕಿನಿಂದ ಅವಕ್ಕೆ ಒಳ್ಳೆಯ ಕಾವಲು. "ತತ್ತಿ ಅದಾವ್ರಿ," ಎಂದೆ. ನನ್ನ ಕೆಲಸ ತೊಂಬತ್ತನೇ ದಿನಕ್ಕೆ ಮುಗಿಯುತ್ತದೆ, ಮುಂದುವರಿಸುವುದಿಲ್ಲ ಎಂದು ಮುಖ್ಯಸ್ಥರು ಹೇಳಿದರು.

ಎಂಬತ್ತನಾಲ್ಕನೇ ದಿನ ಮೇಲ್ವಿಚಾರಕಿ ಬಂದರು. ಡೆಡ್ ಸ್ಟಾಕ್ ಪುಸ್ತಕ ತೆರೆದು, ಷರಾ ಓದಿ, ಕಪಾಟಿನ ಮೊಟ್ಟೆ ನೋಡಿ, ನೆಲದ ಮೇಲಿನ ಮಗ್ಗ ನೋಡಿದರು. ಮಕ್ಕಳು ಆಡುತ್ತಲೇ ಇದ್ದರು. ಮೇಲ್ವಿಚಾರಕಿಯ ಕಾಲಿನ ಹತ್ತಿರದಿಂದ ಗಾಲಿಯ ಲಾಳಿ ಎರಡು ಸಲ ಹಾಯ್ದುಹೋಯಿತು. "ಇದು ನಿಮ್ಮಪ್ಪನ ಮನಿ ಸಾಮಾನೇನ್ರಿ?" ಎಂದು ಅಕ್ಕೋರನ್ನು ಕೇಳಿದರು, ಮಕ್ಕಳ ಮುಂದೆಯೇ. ನೂರಾ ಎಂಬತ್ತಾರು ವಸ್ತುಗಳ ಬಗ್ಗೆ ಮೂರು ದಿನದೊಳಗೆ ಲಿಖಿತ ವಿವರಣೆ ಕೊಡಬೇಕೆಂದು ಅಲ್ಲಿಯೇ ನೋಟೀಸು ಬರೆದರು. ನಾನು ಬಾಯಿ ತೆರೆದೆ. "ನೀ ಇನ್ನ ಆರು ದಿನದಾಕಿ. ಸುಮ್ಮನಿರು," ಎಂದರು.

ಮುಂದಿನ ಎರಡು ದಿನ ನಾನು ವಿವರಣೆ ಬರೆದೆ. ಮೂರು ಪುಟ. ಸಂಗ್ರಹಿಸಿದ್ದೆಷ್ಟು, ಗುಜರಿಗೆ ಹೋದದ್ದೆಷ್ಟು, ಗಾಜಿನ ಹಿಂದೆ ಎಷ್ಟು ದಿನ, ನೆಲದ ಮೇಲೆ ಎಷ್ಟು ದಿನ. ತಪ್ಪು ಯಾರದ್ದು, ಬೀಗ ಹಾಕಿಸಿದವರು ಯಾರು. ಒಂದು ಮಾತೂ ಸುಳ್ಳಿರಲಿಲ್ಲ. ಅಕ್ಕೋರು ಮೂರೂ ಪುಟ ಓದಿ ಮಡಚಿ ನನ್ನ ಕೈಗೆ ವಾಪಸ್ ಕೊಟ್ಟರು.

"ಇದು ನಿಮ್ಮ ಸಿಟ್ಟು, ತಂಗಿ. ಖರೆ ಐತಿ. ಆದ್ರ ನಿಮ್ಮ ಸಿಟ್ಟಿಗೆ ನನ್ನ ಸಹಿ ಹಾಕೂದಿಲ್ಲ. ನಾ ಬರೀತೇನಿ."

ಎಂಬತ್ತೇಳನೇ ದಿನ ಇಬ್ಬರೂ ಹುನಗುಂದಕ್ಕೆ ಹೋದೆವು. ದಾರಿಯುದ್ದಕ್ಕೂ ಅವರು ಲಕೋಟೆಯನ್ನು ನನಗೆ ತೋರಿಸಲಿಲ್ಲ. ಕಚೇರಿಯಲ್ಲಿ ಇನ್ನೂ ನಾಲ್ಕಾರು ಶಿಕ್ಷಕಿಯರು ತಮ್ಮ ಸರದಿಗೆ ಕಾದು ನಿಂತಿದ್ದರು. ಮೇಲ್ವಿಚಾರಕಿ ಹಾಳೆ ಬಿಡಿಸಿದರು, ಹಿಂದೆ ತಿರುಗಿಸಿ ನೋಡಿದರು, ಮತ್ತೆ ಮುಂದೆ ತಿರುಗಿಸಿದರು. ಆಮೇಲೆ ಗಟ್ಟಿಯಾಗಿ ಓದಿದರು. ಎಲ್ಲರೂ ಕೇಳಿ ನಗಲಿ ಎಂದಿರಬೇಕು.

"'ಮೇಲ್ಕಾಣಿಸಿದ ವಸ್ತುಗಳು ಮಕ್ಕಳು ಆಡಿದ್ದರಿಂದ ಖರ್ಚಾಗಿವೆ.' ಇಷ್ಟನಾ?"

"ಇಷ್ಟರಿ."

ಯಾರೂ ನಗಲಿಲ್ಲ. ಹಿಂದಿದ್ದ ಶಿಕ್ಷಕಿಯೊಬ್ಬರು ಆ ಸಾಲನ್ನು ಇನ್ನೊಮ್ಮೆ ಹೇಳುವಂತೆ ಪಕ್ಕದವರನ್ನು ಮೆಲ್ಲಗೆ ಕೇಳಿದ್ದು ನನಗೆ ಕೇಳಿಸಿತು. ಮೇಲ್ವಿಚಾರಕಿ ಹಾಳೆಯನ್ನು ಟೇಬಲ್ಲಿನ ಮೇಲೆ ಬಡಿದರು.

"ಎಲ್ಲಾ ಖರ್ಚು ಮಾಡಿಬಿಟ್ರೇನು?"

ಅಕ್ಕೋರು ಕೈಕಟ್ಟಿರಲಿಲ್ಲ, ತಲೆ ತಗ್ಗಿಸಿರಲೂ ಇಲ್ಲ. "ಇಲ್ರಿ ಮೇಡಂ," ಎಂದರು. "ಇನ್ನೂ ಎಂಟು ಕಿಲೊ ಚಿಲ್ಲರೆ ಅದಾವು. ಅವೂ ಆಗ್ತಾವು."